ಆ ಫೋಟೋದಲ್ಲಿ ಇದ್ದವರು

ಕಳೆದ ತಿಂಗಳು ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು. ನಾಗಸಂದ್ರ ಮೆಟ್ರೋ ನಿಲ್ದಾಣದ ಹತ್ತಿರದ ಖಾಲಿ ಸೈಟು, ನೀಲಿ ಟಾರ್ಪಾಲಿನ ನಾಲ್ಕೈದು ಗುಡಿಸಲು, ಬಟ್ಟೆ ಒಣಹಾಕುತ್ತಿರುವ ಒಬ್ಬ ಹೆಂಗಸು. ಕೆಳಗೆ, 'ಬಾಂಗ್ಲಾದವರು ಇಲ್ಲಿಗೂ ಬಂದರು, ಎಚ್ಚರ ಕನ್ನಡಿಗ!' ಹತ್ತು ನಿಮಿಷದಲ್ಲಿ ಹದಿನೆಂಟು ಕೋಪದ ಎಮೋಜಿ. ಅದರಲ್ಲಿ ಎರಡು ಇದನ್ನು ಬರೆಯುತ್ತಿರುವ ನಮ್ಮವೇ. ಸುಳ್ಳು ಯಾಕೆ ಹೇಳೋದು.

ಫೋಟೋ ನೋಡಿ ದೇಶ ಹೇಗೆ ಗೊತ್ತಾಯ್ತು ಅಂತ ಒಬ್ಬರೂ ಕೇಳಲಿಲ್ಲ. ಲ್ಯಾಬಲ್ಲಿ ಒಂದು ರೀಡಿಂಗ್ ಹೆಚ್ಚುಕಮ್ಮಿ ಬಂದರೆ ಮೂರು ಸಲ ತೆಗೆಯುವವರು ನಾವು!

ಇಂಥದ್ದೇ ಒಂದು ವಿಡಿಯೊ 2020ರ ಜನವರಿಯಲ್ಲಿ ಊರಿನ ಇನ್ನೊಂದು ತುದಿಯಲ್ಲಿ, ಮಾರತಹಳ್ಳಿ ಬಳಿಯ ಕರಿಯಮ್ಮನ ಅಗ್ರಹಾರದ ಬಗ್ಗೆ ಹರಿದಾಡಿತ್ತು. ಶಾಸಕರೊಬ್ಬರೂ ಅದನ್ನು ಹಂಚಿಕೊಂಡಿದ್ದರು. ಅಲ್ಲಿರುವವರು ಅಕ್ರಮ ಬಾಂಗ್ಲಾದೇಶಿಗಳು ಎಂಬ ಗುಮಾನಿ. ಕೆಲವೇ ದಿನಗಳಲ್ಲಿ ಜೆಸಿಬಿ ಬಂತು, ಗುಡಿಸಲುಗಳು ನೆಲಸಮವಾದವು. ಆಮೇಲೆ ಪತ್ರಕರ್ತರು ಹೋಗಿ ಕೇಳಿದರೆ, ಬೀದಿಗೆ ಬಿದ್ದವರು ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳದವರು. ಜೊತೆಗೆ ನಮ್ಮದೇ ಉತ್ತರ ಕರ್ನಾಟಕದವರು. ಗುರುತಿನ ಚೀಟಿ ಕೈಯಲ್ಲೇ ಇತ್ತು. ಕೊನೆಗೆ ಹೈಕೋರ್ಟ್ ತರಾಟೆಗೆ ತೆಗೆದುಕೊಂಡು, ಇವರಿಗೆ ಪುನರ್ವಸತಿ ಕಲ್ಪಿಸಿ ಎಂದು ಸರ್ಕಾರಕ್ಕೆ ಹೇಳಬೇಕಾಯಿತು.

ಅಂದರೆ ಅನುಮಾನದ ಕಣ್ಣಿಗೆ ಭಾಷೆ ಕಾಣಿಸೋದೇ ಇಲ್ಲ, ಟಾರ್ಪಾಲು ಮಾತ್ರ ಕಾಣಿಸುತ್ತೆ. 2017ರಲ್ಲಿ ಗೋವಾದ ಬೈನಾದಲ್ಲಿ ಕನ್ನಡಿಗರ ಮನೆ ಕೆಡವಿದಾಗ ನಮ್ಮವರಿಗೆ ಹೊಟ್ಟೆ ಉರಿಯಿತಲ್ಲ? ಅಲ್ಲಿ ಹೊರಗಿನವರು ನಾವಾಗಿದ್ದೆವು.

ಇನ್ನೊಂದು ವಿಷಯ. ಅದೇ 2020ರ ಮೇ ತಿಂಗಳು, ಲಾಕ್‌ಡೌನ್. ಊರಿಗೆ ಹೋಗಲು ರೈಲು ಬೇಕು ಅಂತ ಸಾವಿರಾರು ವಲಸೆ ಕಾರ್ಮಿಕರು ಪರದಾಡುತ್ತಿದ್ದರು. ಇಲ್ಲೇ ನಾಗಸಂದ್ರ ದಾಟಿದರೆ ಸಿಗುವ ಮಾದಾವರದ ವಸ್ತುಪ್ರದರ್ಶನ ಕೇಂದ್ರದ ಬಳಿ ಗಲಾಟೆಯೇ ಆಯಿತು. ಸರ್ಕಾರ ಬಿಲ್ಡರ್‌ಗಳ ಜೊತೆ ಸಭೆ ಮಾಡಿ, ರೈಲುಗಳನ್ನೇ ರದ್ದು ಮಾಡಿತು. ಎಲ್ಲ ಕಡೆಯಿಂದ ಉಗಿಸಿಕೊಂಡ ಮೇಲೆ ಮತ್ತೆ ಬಿಟ್ಟಿತು. ಜನವರಿಯಲ್ಲಿ 'ಹೊರಡಿ' ಅನ್ನಿಸಿಕೊಂಡವರಿಗೆ ಮೇನಲ್ಲಿ 'ಹೋಗಬೇಡಿ'! ಅವರು ನಮ್ಮನ್ನು ನಂಬುತ್ತಾರಾ ಅನ್ನೋದನ್ನೂ ಸ್ವಲ್ಪ ಯೋಚಿಸಬೇಕಲ್ವಾ?

ಸ್ಥಳೀಯರಿಗೆ ಕೆಲಸ ಬೇಕು ಅನ್ನೋ ಮಾತು ಬೇರೆ. ಸರೋಜಿನಿ ಮಹಿಷಿ ವರದಿಯ ಕಾಲದಿಂದ ಅದು ಬಾಕಿ ಇದೆ. 2024ರ ಜುಲೈನಲ್ಲಿ ಸಂಪುಟ ಒಪ್ಪಿದ ಮೀಸಲಾತಿ ಮಸೂದೆ ಎರಡೇ ದಿನದಲ್ಲಿ ತಡೆಹಿಡಿಯಲ್ಪಟ್ಟಿತು. ಅದಕ್ಕೆ ನಾವೂ ದನಿ ಎತ್ತುತ್ತೇವೆ, ಪೀಣ್ಯದ ಕಂಪನಿಗಳ ಗೇಟಿನ ಮುಂದೆಯೇ ಎತ್ತೋಣ. ಆದರೆ ಆ ಜಗಳ ಕಂಪನಿ ಮತ್ತು ಸರ್ಕಾರದ ಜೊತೆಗಿನದು. ಚರಂಡಿ ತೋಡುವವನ ಗುಡಿಸಲಿನ ಜೊತೆಗಲ್ಲ.

ಫಾರ್ವರ್ಡ್ ಬಂದ ಮೂರನೇ ದಿನ ನಾವು ನಾಲ್ವರು ಆ ಸೈಟಿಗೆ ಹೋದೆವು. ಫೋಟೋದಲ್ಲಿದ್ದ ಹೆಂಗಸೇ ಎದುರಾದರು. "ಯಾಕ್ರೀ, ಯಾರ್ ಬೇಕಿತ್ತು?" ಅಂದರು. ಸಿಂಧನೂರು ಕಡೆಯವರು, ಕೇಬಲ್ ಕೆಲಸಕ್ಕೆ ಬಂದವರು. ನಮಗೆ ನಗು ಬಂತು, ಆಮೇಲೆ ನಾಚಿಕೆ. ಪಕ್ಕದ ಗುಡಿಸಲಲ್ಲಿ ಮಾಲ್ಡಾದ ಇಬ್ಬರು ಹುಡುಗರಿದ್ದರು, ನಮ್ಮದೇ ವಯಸ್ಸು. ಅವರ ಮುಖ ನೋಡಿದಾಗ ಇನ್ನೊಂದು ಅನ್ನಿಸಿತು: ಅಮ್ಮ ಕನ್ನಡ ಮಾತಾಡಿದ್ದಕ್ಕೆ ನಮಗೆ ಸಮಾಧಾನವಾಯಿತು, ಮಾತಾಡದೇ ಇದ್ದಿದ್ದರೆ? ಅವರದೂ ಇದೇ ದೇಶ ತಾನೆ? ಯಾರಾದರೂ ನಿಜಕ್ಕೂ ಗಡಿ ದಾಟಿ ಬಂದಿದ್ದರೆ ವಿಚಾರಿಸೋಕೆ ಪೊಲೀಸರಿದ್ದಾರೆ, ಕೋರ್ಟ್ ಇದೆ. ಗುಂಪಿನ ಅಡ್ಮಿನ್‌ಗೆ ಆ ಅಧಿಕಾರ ಯಾರೂ ಕೊಟ್ಟಿಲ್ಲ.

ನಮ್ಮ ಗುಂಪಿನಿಂದ ಆ ಮೆಸೇಜ್ ಡಿಲೀಟ್ ಮಾಡಿಸಿದ್ದೇವೆ. ಅಷ್ಟರಲ್ಲಿ ಅದು ಇನ್ನೆರಡು ಹಾಸ್ಟೆಲ್ ಗುಂಪುಗಳಿಗೆ ಹೋಗಿತ್ತು. ನಿಮ್ಮ ಫೋನಿನಲ್ಲಿದ್ದರೆ, ಕಳಿಸಿದವರಿಗೆ ಆ ಅಮ್ಮನ ಊರು ಸಿಂಧನೂರು ಅಂತ ತಿಳಿಸಿ. ಮಾಲ್ಡಾದ ಹುಡುಗರ ಬಗ್ಗೆಯೂ ಹೇಳಿ.