ಜಾಝ್ ಕೂಟಕ್ಕೆ ಕೇಳುಗರೆಲ್ಲಿ?

ಜಾಝ್ ಸಂಗೀತಕ್ಕೆ ಕೇಳುವವರಿಲ್ಲವೆಂಬ ಕೊರಗು ಮುಂಬಯಿಯಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತನ್ನು ನಾವು ಒಪ್ಪಲಾರೆವು. 1930ರ ದಶಕದಲ್ಲಿ ಅಮೆರಿಕದ ಲಿಯೋನ್ ಅಬ್ಬೆಯವರ ತಂಡವು ತಾಜ್‌ಮಹಲ್ ಹೊಟೇಲಿನಲ್ಲಿ ನುಡಿಸಿತು, ಸಿರಿವಂತರಷ್ಟೇ ಕೇಳಿದರು. ಆದರೆ ಗೋವೆಯ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟರು ಸಿ. ರಾಮಚಂದ್ರರೊಡನೆ 1951ರ ‘ಅಲಬೇಲಾ’ ಚಿತ್ರಕ್ಕೆ ದುಡಿದಾಗ, ಆ ಲಯಕ್ಕೆ ನಾಲ್ಕಾಣೆಯ ಪ್ರೇಕ್ಷಕನೂ ತಲೆದೂಗಿದನು. ಕಿವಿಗಳಿಗೆ ಕೊರತೆಯಿರಲಿಲ್ಲ, ಬಾಗಿಲು ಮುಚ್ಚಿತ್ತು.

ಇಂದಿಗೂ ಕೂಟಗಳ ಲೆಕ್ಕ ನಡೆಯುವುದು ಮದ್ಯದ ಮಾರಾಟದ ಮೇಲೆ. ವಾದಕರಿಗೆ ಕೂಲಿ ಬೇಡವೇ ಎಂದು ಮಾಲಕರು ಕೇಳಬಹುದು. ಬೇಕು, ನಿಶ್ಚಯವಾಗಿಯೂ ಬೇಕು. ಆದರೆ 1961ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ತೆರೆದ ಪ್ರಿಸರ್ವೇಷನ್ ಹಾಲ್ ಮದ್ಯವನ್ನಿಡದೆಯೇ ಬೆಳೆಯಿತು. ಅಲ್ಲಿನ ಪದ್ಧತಿಯೆಂದರೆ ಚಿಕ್ಕ ಕೋಣೆ, ಚಿಕ್ಕ ಕಛೇರಿಗಳು. ಒಂದು ತಂಡದ ಕೇಳುಗರು ಎದ್ದರೆ ಇನ್ನೊಂದು ತಂಡ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡಿನಲ್ಲಿ 1966ರಿಂದ ಸೋಮವಾರ ರಾತ್ರಿಯೆಂದರೆ ದೊಡ್ಡ ವಾದ್ಯವೃಂದ. ದಿನ ನಿಶ್ಚಿತವಾದರೆ ರೂಢಿ ತಾನೇ ಬೆಳೆಯುತ್ತದೆ. ನಮ್ಮ ಶನಿವಾರದ ಭಜನೆಯೂ ಹಾಗೆಯೇ ನಿಂತಿದೆಯಲ್ಲವೇ?

ಮುಂಬಯಿಯ ಕೂಟಗಳು ವಾರಕ್ಕೊಂದು ಸಂಜೆಯನ್ನಾದರೂ ಹೀಗೆ ಮೀಸಲಿಡಲೆಂಬುದು ನಮ್ಮ ಆಗ್ರಹ. ಟಿಕೇಟು ಅಗ್ಗವಿರಲಿ, ತಿಂಡಿ ಪಾನೀಯ ಕೊಳ್ಳಲೇಬೇಕೆಂಬ ಒತ್ತಾಯ ಬೇಡ. ನುಡಿಸುವ ಮುನ್ನ ಯಾರಾದರೊಬ್ಬರು ಎರಡು ಮಾತಿನಲ್ಲಿ ರಾಗದ ಜಾಡನ್ನು ತಿಳಿಸಲಿ. ದೊಡ್ಡ ಹೊಟೇಲುಗಳಲ್ಲಿ ತಟ್ಟೆ ಹಿಡಿದು ಓಡಾಡುತ್ತ ಈ ವಾದ್ಯಗಳನ್ನು ಕೇಳಿದ ನಮ್ಮವರು ಅಂದು ಕುರ್ಚಿಯಲ್ಲಿ ಕುಳಿತು ಕೇಳಲಿ. ಕಛೇರಿಯನ್ನು ರಾತ್ರಿ ಹನ್ನೊಂದಕ್ಕೆ ಆರಂಭಿಸಿದರೆ ಡೊಂಬಿವಲಿಯ ಗುಮಾಸ್ತನು ಕೊನೆಯ ಗಾಡಿ ಹಿಡಿಯುವುದೆಂತು?