ಆಬೇಲಿನ ಜಾಣೆ

ಸತ್ಯವೇದದ ಸ್ತ್ರೀಯರೊಳಗೆ ದೆಬೋರಳನ್ನೂ ಎಸ್ತೇರಳನ್ನೂ ನಮ್ಮ ಹೆಣ್ಣುಮಕ್ಕಳು ಚೆನ್ನಾಗಿ ಬಲ್ಲರು. ಸಮುವೇಲನ ಎರಡನೆಯ ಗ್ರಂಥದ 20ನೆಯ ಅಧ್ಯಾಯದಲ್ಲಿ ಬರುವ ಆಬೇಲ್ ಊರಿನ ಜಾಣೆಯನ್ನು ಬಲ್ಲವರು ವಿರಳ. ಆಕೆಯ ಹೆಸರು ಗ್ರಂಥದಲ್ಲಿಯೂ ಇಲ್ಲ. ಆದರೂ ಸಂಧಾನದ ವಿದ್ಯೆಯಲ್ಲಿ ಆಕೆ ದೊಡ್ಡ ಗುರುವೆಂಬುದು ನನ್ನ ಅಭಿಪ್ರಾಯ.

ಅಬ್ಷಾಲೋಮನ ದಂಗೆಯು ಅಡಗಿದ ಮೇಲೆ, ದಾವೀದ ಅರಸನನ್ನು ಯೊರ್ದನ್ ಹೊಳೆ ದಾಟಿಸಿ ಕರೆತರುವ ಗೌರವವು ಯಾರದೆಂದು ಕುಲಗಳೊಳಗೆ ಜಗಳ ಹುಟ್ಟಿತು. ಅರಸನು ತಮ್ಮ ಬಂಧುವೆಂದು ಯೆಹೂದದವರೂ, ಅವನಲ್ಲಿ ತಮಗೆ ಹತ್ತು ಪಾಲುಂಟೆಂದು ಇಸ್ರಾಯೇಲ್ಯರೂ ವಾದಿಸಿದರು. ಯೆಹೂದದವರ ಮಾತು ಹೆಚ್ಚು ಕಟುವಾಯಿತು. ಆ ನೋವು ಆರುವ ಮೊದಲೇ ಬೆನ್ಯಾಮೀನ ಕುಲದ ಶೆಬನು ಕೊಂಬನ್ನೂದಿ ಇಸ್ರಾಯೇಲ್ಯರನ್ನು ದಾವೀದನಿಂದ ಅಗಲಿಸಿದನು.

ಕಡೆಗೆ ಶೆಬನು ಉತ್ತರದ ಆಬೇಲನ್ನು ಹೊಕ್ಕನು. ಬೆನ್ನಟ್ಟಿ ಬಂದ ಯೋವಾಬನು ಊರಿಗೆ ಮುತ್ತಿಗೆ ಹಾಕಿಸಿದನು. ಅವನ ಸೈನಿಕರು ಗೋಡೆಯನ್ನು ಕೆಡವತೊಡಗಿದರು. ದೂರದ ಪರಪಟ್ಟಣಕ್ಕೂ ಮೊದಲು ಸಮಾಧಾನವನ್ನು ಸಾರಬೇಕೆಂದು ಧರ್ಮೋಪದೇಶಕಾಂಡದ 20ನೆಯ ಅಧ್ಯಾಯವು ವಿಧಿಸುತ್ತದೆ. ಸ್ವಜನರ ಈ ಊರಿಗೆ ಯೋವಾಬನು ಹಾಗೆ ಸಾರಿದನೆಂದು ಎಲ್ಲಿಯೂ ಬರೆದಿಲ್ಲ.

ಆಗ ಈ ಜಾಣೆಯು ಸೇನಾಪತಿಯನ್ನು ಹತ್ತಿರಕ್ಕೆ ಕರೆಯಿಸಿದಳು. ಬೈಯಲಿಲ್ಲ, ಅಳಲೂ ಇಲ್ಲ. ವ್ಯಾಜ್ಯಗಳಿಗೆ ಪರಿಹಾರ ಕೇಳಲು ಹಿಂದಿನವರು ಬರುತ್ತಿದ್ದ ಊರಿದು, ಇಸ್ರಾಯೇಲಿನಲ್ಲಿ ತಾಯಿಯಂತಿರುವ ಪಟ್ಟಣವಿದು, ಇದನ್ನೇಕೆ ನುಂಗುವಿ ಎಂದು ಕೇಳಿದಳು. ಆ ಒಂದು ಪ್ರಶ್ನೆಗೆ ಉತ್ತರ ಕೊಡುವಾಗಲೇ, ತನಗೆ ಬೇಕಾದವನು ಶೆಬನೊಬ್ಬನೇ ಎಂದು ಯೋವಾಬನು ಬಾಯಿಬಿಟ್ಟು ಹೇಳಿದ್ದು. ಆಕೆ ಒಳಗೆ ಹೋಗಿ ಊರವರೆಲ್ಲರೊಡನೆ ಮಾತಾಡಿ ಒಪ್ಪಿಸಿದಳು. ಶೆಬನ ತಲೆಯು ಗೋಡೆಯಾಚೆಗೆ ಬಿದ್ದಿತು, ಮುತ್ತಿಗೆ ತೆರವಾಯಿತು.

ಒಬ್ಬನ ತಲೆಯಿಂದ ಕೊಂಡ ಸಮಾಧಾನವು ಸಮಾಧಾನವೇ ಎಂದು ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದೇ, ಆ ಬೆಲೆಯನ್ನು ನಾನು ಹೊಗಳಲಾರೆನು. ಆದರೆ ಊರನ್ನು ಆ ಇಕ್ಕಟ್ಟಿಗೆ ತಂದವಳು ಆಕೆಯಲ್ಲ. ಯೊರ್ದನ್ ತೀರದಲ್ಲಿ ಬಿರುನುಡಿಯಾಡಿದ ಹಿರಿಯರು ಬೆಂಕಿ ಹೊತ್ತಿಸಿದರು. ಗೋಡೆಯ ಬಳಿಯಲ್ಲಿ ನಿಂತ ಹೆಂಗಸು ಅದನ್ನು ನಂದಿಸಬೇಕಾಯಿತು. ಆರಿದ್ದೂ ಜ್ವಾಲೆ ಮಾತ್ರ. ಸುಮಾರು ಕ್ರಿ. ಪೂ. 930ರಲ್ಲಿ ರೆಹಬ್ಬಾಮನು ಶೆಕೆಮಿನಲ್ಲಿ ಪುನಃ ಕಟುವಾಗಿ ಉತ್ತರ ಕೊಡಲು, ಶೆಬನ ಕೂಗೇ ಮತ್ತೆ ಎದ್ದು ರಾಜ್ಯವು ಎರಡಾಯಿತು.

ಸಹೋದರಿಯರೇ, ಜಗಳವನ್ನು ಗಂಡಸರು ಬೆಳೆಸಿದ ಮೇಲೆ ಹೆಂಗಸರನ್ನು ಗೋಡೆಯ ಬಳಿಗೆ ಕರೆಯುವ ಪದ್ಧತಿಯು ಸಾಕು. ಹೊಳೆಯ ದಡದ ಮೊದಲನೆಯ ಸಭೆಯಲ್ಲಿಯೇ ನಮ್ಮ ಹೆಣ್ಣುಮಕ್ಕಳಿಗೆ ಸ್ಥಾನವಿರಲಿ. ಅಲ್ಲಿ ಕೂತು, ನಿಮಗೆ ನಿಜವಾಗಿ ಬೇಕಾದುದೇನೆಂದು ಕೇಳುವ ಧೈರ್ಯವನ್ನು ಶಾಲೆಯೂ ಮನೆಯೂ ಅವರಿಗೆ ಕಲಿಸಲಿ.