ಔಷಧಿಯ ಪಟ್ಟಿ ನೋಡಿದಿರಾ?

ಸಂಧಿವಾತಕ್ಕೆ ಹ್ಯೂಮಿರಾ ಚುಚ್ಚುಮದ್ದು ತೆಗೆದುಕೊಳ್ಳುವ ನಮ್ಮ ಹಿರಿಯರಲ್ಲಿ ಕೆಲವರು ಖರ್ಚಿಗೆ ಹೆದರಿ ಒಂದೆರಡು ಸರದಿ ಬಿಟ್ಟುಬಿಡುತ್ತಾರೆ; ಮಕ್ಕಳಿಗೂ ಹೇಳುವುದಿಲ್ಲ. ಈ ಸಂಕೋಚ ಸಲ್ಲದು. 2022ರ ಕಾನೂನಿನಂತೆ, ಮೆಡಿಕೇರ್ ಪಾರ್ಟ್ ಡಿ ಇರುವವರು ಔಷಧಿಗೆಂದು ವರ್ಷಕ್ಕೆ ಕೈಯಿಂದ ತೆರಬೇಕಾದ ಮಿತಿ 2025ರಲ್ಲಿ 2,000 ಡಾಲರ್, 2026ರಲ್ಲಿ 2,100. ಆದರೆ ವಿಮೆಯ ಪಟ್ಟಿಯಲ್ಲಿಲ್ಲದ ಔಷಧಿಗೆ ಈ ಮಿತಿ ಅನ್ವಯಿಸದು. ಪಟ್ಟಿಯೋ ವರ್ಷವರ್ಷವೂ ಬದಲಾಗುತ್ತದೆ.

ಹ್ಯೂಮಿರಾ ಬದಲು, 2023ರಿಂದ ಇಲ್ಲಿ ದೊರೆಯುವ ಬಯೋಸಿಮಿಲರ್ ಪಟ್ಟಿಯಲ್ಲಿದ್ದರೆ ಗಾಬರಿ ಬೇಡ. ರಸಾಯನಶಾಸ್ತ್ರದವರಾದ ನಾವು ಹೇಳುವುದಿಷ್ಟು: ಜೀವಕೋಶಗಳಲ್ಲಿ ತಯಾರಾಗುವ ಈ ಪ್ರೋಟೀನು ಅಚ್ಚೊತ್ತಿದ ನಕಲಲ್ಲ, ಆದರೆ ಗುಣದಲ್ಲಿ, ಸುರಕ್ಷತೆಯಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು ಖಚಿತವಾದ ಮೇಲೆಯೇ ಎಫ್.ಡಿ.ಎ. ಒಪ್ಪಿಗೆ ಕೊಡುತ್ತದೆ.

ಅಕ್ಟೋಬರ್ 15ರಿಂದ ಡಿಸೆಂಬರ್ 7ರೊಳಗೆ ವಿಮೆ ಬದಲಿಸಬಹುದು. ದೀಪಾವಳಿಗೆ ಬರುವ ಮಕ್ಕಳು ಅಪ್ಪ ಅಮ್ಮನ ಪಕ್ಕ ಕುಳಿತು ಆ ಪಟ್ಟಿ ಓದಲಿ.